ಘಾಟಿಯಲ್ಲಿ ಸಾಯುವ, ಹತ್ತು ನಿಮಿಷ ಬಿಟ್ಟರೆ ಬದುಕುವ ಹಳೇ ಮೋಟರ್‌ಹೋಮ್: ದೋಷ ಹುಡುಕುವ ದಾರಿ

ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಸುಳ್ಯ ಬಿಡುವಾಗ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಮಡಿಕೇರಿ ದಾರಿಯಲ್ಲಿ ಕೊಯನಾಡು ದಾಟಿ ಘಾಟಿಯ ಏರು ಶುರುವಾಯಿತು. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸ್ವಲ್ಪ ಹೊತ್ತು ಎಳೆಯಿತು. ಆಮೇಲೆ ದಮ್ಮು ಇಳಿಯುತ್ತಾ ಬಂತು, ಕೊನೆಗೆ ಇಂಜಿನ್ ನಿಂತೇ ಹೋಯಿತು. ಬದಿಗೆ ಹಾಕಿ ಹತ್ತು ನಿಮಿಷ ಕಾದು ಕೀ ತಿರುಗಿಸಿದರೆ ಏನೂ ಆಗಿಲ್ಲ ಎಂಬಂತೆ ಸ್ಟಾರ್ಟ್. ಇನ್ನು ನಾಲ್ಕು ತಿರುವು ಹತ್ತುವಷ್ಟರಲ್ಲಿ ಮತ್ತೆ ಅದೇ ಕಥೆ.

ಇದಕ್ಕೆ ಗ್ಯಾರೇಜಿನಲ್ಲಿ ಸಿಗುವ ತೀರ್ಪು ಎರಡೇ. ಒಂದು, ‘ಇಂಜಿನ್ ಹೀಟ್ ಆಗ್ತಿದೆ’. ಇನ್ನೊಂದು, ‘ಡೀಸೆಲ್ ಪಂಪ್ ಹೋಗಿದೆ, ಇಳಿಸಬೇಕು’. ಎರಡನೆಯದು ಜಾಸ್ತಿ ದುಬಾರಿ. ನನ್ನ ಮಾತು ಕೇಳುವುದಾದರೆ ಡೀಸೆಲ್ ಪಂಪನ್ನು, ಅಂದರೆ ಇಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಕೊಡುವ ಪಂಪನ್ನು, ಕೊನೆಗೆ ಮುಟ್ಟಿ. ‘ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತದೆ’ ಎನ್ನುವ ಹಳೇ ಡೀಸೆಲ್ ಗಾಡಿಗಳಲ್ಲಿ ದೋಷ ಬಹುಪಾಲು ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಟ್ಯಾಂಕಿನ ಡೀಸೆಲ್ ಎಳೆದು ಡೀಸೆಲ್ ಪಂಪಿಗೆ ಕೊಡುವ ಚಿಕ್ಕ ಪಂಪ್) ದಾರಿಯಲ್ಲೇ ಇರುತ್ತದೆ. ಆ ದಾರಿಯಲ್ಲಿರುವ ಸಾಮಾನಿನ ಬೆಲೆ ಪಂಪ್ ಇಳಿಸುವ ಕೂಲಿಗಿಂತ ಕಮ್ಮಿ.

ಮೊದಲು, ಯಾವ ಗಾಡಿಯ ಬಗ್ಗೆ ಮಾತಾಡುತ್ತಿದ್ದೇವೆ ಎಂದು ಹೇಳಿಬಿಡುತ್ತೇನೆ. ನಮ್ಮಲ್ಲಿ ಹಳೇ ಮೋಟರ್‌ಹೋಮ್ ಅಂದರೆ ಕಾರ್ಖಾನೆಯಿಂದಲೇ ಮನೆಯಾಗಿ ಬಂದದ್ದು ಅಪರೂಪ. ಮ್ಯಾಟಡೋರನ್ನೋ ಟೆಂಪೋ ಟ್ರಾವೆಲರನ್ನೋ ಕೊಂಡು, ಒಳಗೆ ಹಾಸಿಗೆ, ಅಡುಗೆ ಕಟ್ಟೆ, ನೀರಿನ ಟ್ಯಾಂಕ್ ಕೂರಿಸಿದ್ದೇ ಹೆಚ್ಚು. ಟ್ರಾವೆಲರ್ 1987ರಲ್ಲಿ ಬಂತು. ಅದು ಮರ್ಸಿಡಿಸ್ ಟಿ1 ವ್ಯಾನಿನ ವಿನ್ಯಾಸ. ಇಂಜಿನ್ ಕೂಡ ಮರ್ಸಿಡಿಸ್ ಒಎಂ 616 ಮೂಲದ್ದು: ನಾಲ್ಕು ಸಿಲಿಂಡರ್, 2.4 ಲೀಟರ್. ಹಳೇ ಮಾದರಿಗಳಲ್ಲಿ ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ಅದಕ್ಕೇ ಇವನ್ನು ಹತ್ತಾರು ವರ್ಷ ಓಡಿಸಬಹುದು. ಬಿಡಿಭಾಗ ಕೇಳುವಾಗ ಒಂದು ವಿಷಯ ನೆನಪಿರಲಿ. ಈ ಗಾಡಿಗಳನ್ನು ಮಾಡಿದ ಬಜಾಜ್ ಟೆಂಪೋ 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯಿತು, ಡೀಸೆಲ್ ಪಂಪ್ ಮಾಡುತ್ತಿದ್ದ ಮೈಕೋ 2008ರಲ್ಲಿ ಬಾಷ್ ಆಯಿತು. ಪಂಪಿನ ಮೇಲೆ ಮೈಕೋ ಎಂದಿದ್ದರೆ ಅದರ ನಂಬರ್ ಬರೆದುಕೊಂಡು ಹೋಗಿ ಬಾಷ್ ಅಂಗಡಿಯಲ್ಲಿ ಕೇಳಿ.

ಗಾಡಿ ನಿಂತ ಜಾಗದಲ್ಲಿ

ಪರೀಕ್ಷೆಗೆ ಮುಂಚೆ ಬ್ರೇಕಿನ ಬಗ್ಗೆ. ಈ ಗಾಡಿಗಳಲ್ಲಿ ಬ್ರೇಕಿಗೆ ಸಹಾಯ ಮಾಡುವ ವ್ಯಾಕ್ಯೂಮ್ ಬರುವುದು ಇಂಜಿನ್ ತಿರುಗುವಾಗ ಮಾತ್ರ. ಇಂಜಿನ್ ಸತ್ತರೆ ಎರಡು ಮೂರು ಬಾರಿ ಒತ್ತುವಷ್ಟು ಶಕ್ತಿ ಉಳಿದಿರುತ್ತದೆ. ಆಮೇಲೆ ಪೆಡಲ್ ಕಲ್ಲಾಗುತ್ತದೆ. ಹಾಗಾಗಿ ದಮ್ಮು ಇಳಿಯಲು ಶುರುವಾದಾಗಲೇ ಅಗಲ ಇರುವ ಕಡೆ ನಿಲ್ಲಿಸಿ. ಇಂಜಿನ್ ಆಫ್ ಆದ ಗಾಡಿಯನ್ನು ಹಿಂದಕ್ಕೆ ಜಾರಿಸಿ ಜಾಗ ಹುಡುಕಬೇಡಿ. ಮೊದಲನೇ ಗೇರ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆಯಿರಿ ಮಾರಾಯ್ರೆ. ರಾತ್ರಿ ಮಂಜಿನಲ್ಲಿ ಬೈಕಿನವರಿಗೆ ಅದು ಕಾಣುವುದಿಲ್ಲ.

ಆಮೇಲೆ ಇಂಜಿನ್ ಸಾಯುವ ಮುಂಚಿನ ಹೊಗೆ ನೆನಪು ಮಾಡಿಕೊಳ್ಳಿ. ಒಬ್ಬರೇ ಇದ್ದರೆ ಕನ್ನಡಿಯಲ್ಲಿ ನೋಡಿರಬೇಕು. ದಮ್ಮಿಲ್ಲ, ಜೊತೆಗೆ ಕಪ್ಪು ಹೊಗೆ ಇದೆ ಅಂದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ. ದಮ್ಮಿಲ್ಲ, ಹೊಗೆಯೂ ಇಲ್ಲ ಅಂದರೆ ಡೀಸೆಲ್ಲೇ ಸಾಲುತ್ತಿಲ್ಲ. ಈ ಬರಹ ಎರಡನೆಯವರಿಗೆ. ಮಂಗಳೂರಿನ ಕಡೆಯಿಂದ ಬರುವವರಿಗೆ ಒಂದು ಮಾತು: ಮಡಿಕೇರಿ ಸಮುದ್ರ ಮಟ್ಟಕ್ಕಿಂತ ಸುಮಾರು 1,150 ಮೀಟರ್ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿ ಸುಮಾರು ಶೇ. 10ಕ್ಕಿಂತ ಹೆಚ್ಚು ತೆಳು. ಟರ್ಬೊ ಇಲ್ಲದ ಇಂಜಿನ್ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ, ಸ್ವಲ್ಪ ಕಪ್ಪಗೆ ಉಗುಳುತ್ತದೆ. ತಲಕಾವೇರಿಗೆ ಹೋದರೆ ಇನ್ನೂ ಸ್ವಲ್ಪ. ಅದು ದೋಷವಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ.

ಇನ್ನೊಂದು ಸುಳಿವು ಹ್ಯಾಂಡ್ ಪ್ರೈಮರ್. ಡೀಸೆಲ್ ಪಂಪಿನ ಪಕ್ಕಕ್ಕೆ ಅಂಟಿಕೊಂಡ ಫೀಡ್ ಪಂಪಿನ ಮೇಲೆ ಕೈಯಲ್ಲಿ ಒತ್ತುವ ಗುಬುಟು ಇರುತ್ತದಲ್ಲ, ಅದೇ. ಇಂಜಿನ್ ಸತ್ತ ತಕ್ಷಣ ಅದನ್ನು ಮೇಲೆಳೆದು ನೋಡಿ. ಎಳೆಯುವಾಗ ಬಿಗಿ ಹಿಡಿದರೆ ಟ್ಯಾಂಕಿನ ಕಡೆ ಏನೋ ಕಟ್ಟಿದೆ. ಸಡಿಲವಾಗಿ ಪುಸುಪುಸು ಎಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಹತ್ತು ನಿಮಿಷ ಕಾದು ನೋಡಿದರೆ ಈ ಸುಳಿವು ಸಿಗುವುದಿಲ್ಲ, ಆಗಲೇ ನೋಡಬೇಕು.

ಮೊದಲು ಕೈಬಿಡಬೇಕಾದವು

ಹೀಟ್ ಬಗ್ಗೆ ಜಗಳ ಬೇಡ, ಮೀಟರ್ ನೋಡಿ. ಮುಳ್ಳು ಮಾಮೂಲಿ ಜಾಗದಲ್ಲಿದ್ದು ಇಂಜಿನ್ ಸತ್ತರೆ ಕಾರಣ ಹೀಟ್ ಅಲ್ಲ. ಇಂಜಿನ್ ಸದ್ದು ಏರುತ್ತಿದೆ, ಗಾಡಿ ಮಾತ್ರ ಏರುತ್ತಿಲ್ಲ ಅಂದರೆ ಕ್ಲಚ್. ಒಂದು ಚಕ್ರದ ಹಬ್ ಮಾತ್ರ ಕೈ ಇಡಲಾಗದಷ್ಟು ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ. ತೋಟದ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಏರ್ ಫಿಲ್ಟರಿನ ಬಾಯಿ ಬಿಚ್ಚಿ ನೋಡಿ. ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ, ಇಲ್ಲದಿದ್ದರೆ ಇಲಿ ಸಂಸಾರ ಹೂಡಿರುತ್ತದೆ.

ಮೋಟರ್‌ಹೋಮ್‌ಗೇ ವಿಶೇಷವಾದ ಒಂದು ತೊಂದರೆ ಉಂಟು. ಒಳಗೆ ಹೊಸ ಪ್ಲೈವುಡ್ ನೆಲ, ಅದರ ಮೇಲೆ ದಪ್ಪ ಮ್ಯಾಟ್ ಹಾಕಿದ ಮೇಲೆ ಆಕ್ಸಿಲರೇಟರ್ ಪೆಡಲ್ ಪೂರ್ತಿ ಕೆಳಗೆ ಹೋಗುವುದೇ ಇಲ್ಲ. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಪಂಪಿನ ಲಿವರ್ ತನ್ನ ಕೊನೆಯ ಸ್ಕ್ರೂಗೆ ತಾಗುತ್ತದೆಯೇ ನೋಡಲಿ. ತಾಗದಿದ್ದರೆ ದಮ್ಮು ಎಲ್ಲಿಂದ ಬರಬೇಕು?

ತೂಕವನ್ನೂ ಮರೆಯಬೇಡಿ. ನೂರು ಲೀಟರ್ ನೀರು ಅಂದರೆ ನೂರು ಕೆ.ಜಿ. ಅದರ ಮೇಲೆ ಕಬೋರ್ಡು, ಬ್ಯಾಟರಿ, ಗ್ಯಾಸ್ ಸಿಲಿಂಡರ್, ಅತ್ತೆ ಕೊಟ್ಟು ಕಳಿಸಿದ ಬಾಳೆಗೊನೆ. ಒಮ್ಮೆ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ಆರ್‌ಸಿಯಲ್ಲಿರುವ ತೂಕಕ್ಕೆ ಹೋಲಿಸಿ. ಆದರೆ ಭಾರ ಜಾಸ್ತಿ ಆದರೆ ಗಾಡಿ ನಿಧಾನ ಹತ್ತುತ್ತದೆ ಅಷ್ಟೇ, ಆಫ್ ಆಗುವುದಿಲ್ಲ.

ವಿಶ್ರಾಂತಿ ಕೊಟ್ಟರೆ ಯಾಕೆ ಸರಿಹೋಗುತ್ತದೆ

ಇಲ್ಲಿದೆ ಗುಟ್ಟು. ಟ್ಯಾಂಕಿನ ಒಳಗೆ ಡೀಸೆಲ್ ಎಳೆಯುವ ಒಂದು ಕೊಳವೆ ಇದೆ, ಅದರ ತುದಿಗೆ ಸಣ್ಣ ಜಾಲರಿ. ಟ್ಯಾಂಕಿನಲ್ಲಿ ಲೋಳೆಯೋ, ಬಣ್ಣದ ಪದರವೋ, ಬಂಕಿನಲ್ಲಿ ಬಿದ್ದ ಪ್ಲಾಸ್ಟಿಕ್ ಚೂರೋ ತೇಲುತ್ತಿದ್ದರೆ ಫೀಡ್ ಪಂಪ್ ಜೋರಾಗಿ ಎಳೆದಾಗ ಅದು ಬಂದು ಜಾಲರಿಗೆ ಅಂಟುತ್ತದೆ. ಎಳನೀರಿನ ಸ್ಟ್ರಾಗೆ ಗಂಜಿ ಸಿಕ್ಕಿಕೊಂಡ ಹಾಗೆ, ಎಳೆದಷ್ಟೂ ಗಟ್ಟಿ. ಇಂಜಿನ್ ನಿಂತಾಗ ಎಳೆತ ನಿಲ್ಲುತ್ತದೆ, ಕಸ ಕಳಚಿ ಬೀಳುತ್ತದೆ. ಹತ್ತು ನಿಮಿಷದ ನಂತರ ದಾರಿ ಮತ್ತೆ ಖಾಲಿ. ಇಂಜಿನ್ ತಣ್ಣಗಾಗಿದ್ದಕ್ಕೆ ಸರಿಹೋಯಿತು ಎಂದು ನಾವು ಅಂದುಕೊಳ್ಳುತ್ತೇವೆ.

ಮಟ್ಟಸ ರಸ್ತೆಯಲ್ಲಿ ಯಾಕೆ ಕಾಣಿಸುವುದಿಲ್ಲ? ಅಲ್ಲಿ ಇಂಜಿನ್ ಸ್ವಲ್ಪವೇ ಕುಡಿಯುತ್ತದೆ, ಅರ್ಧ ಕಟ್ಟಿದ ದಾರಿಯಲ್ಲೂ ಸಾಕಾಗುವಷ್ಟು ಬರುತ್ತದೆ. ಸಂಪಾಜೆಯಿಂದ ಮಡಿಕೇರಿಗೆ ಹತ್ತಿರ ಹತ್ತಿರ ಸಾವಿರ ಮೀಟರ್ ಏರಬೇಕು. ಕುಶಾಲನಗರದಿಂದ ಸುಂಟಿಕೊಪ್ಪ ದಾಟಿ ಬರುವ ಏರು ಅದರ ಮೂರನೇ ಒಂದು ಭಾಗವೂ ಆಗಲಿಕ್ಕಿಲ್ಲ. ಹಾಗಾಗಿ ಒಂದೇ ಗಾಡಿ ಪೂರ್ವದಿಂದ ಬಂದರೆ ಆರಾಮ, ಪಶ್ಚಿಮದಿಂದ ಬಂದರೆ ಹಟ. ವಿರಾಜಪೇಟೆಯಿಂದ ಕೇರಳಕ್ಕೆ ಇಳಿಯುವ ಮಾಕುಟ್ಟ ಘಾಟಿಯಲ್ಲೂ ಹಾಗೇ. ಅಲ್ಲಿ ಮೊಬೈಲ್ ಸಿಗ್ನಲ್ ನಂಬಿಕೊಂಡು ಪರೀಕ್ಷೆಗೆ ಹೋಗಬೇಡಿ.

ಡಬ್ಬದ ಪರೀಕ್ಷೆ

ಇಡೀ ಹುಡುಕಾಟವನ್ನು ಎರಡು ಭಾಗ ಮಾಡುವ ಪರೀಕ್ಷೆ ಇದು. ಒಂದೇ ಪರೀಕ್ಷೆ ಮಾಡಲು ಪುರುಸೊತ್ತು ಇದ್ದರೆ ಇದನ್ನೇ ಮಾಡಿ.

ಐದು ಲೀಟರಿನ ಶುದ್ಧ ಡಬ್ಬಕ್ಕೆ ಹೊಸ ಡೀಸೆಲ್ ತುಂಬಿ. ಮುಚ್ಚಳದಲ್ಲಿ ಮೂರು ತೂತು: ಒಂದು ಎಳೆಯುವ ಪೈಪಿಗೆ, ಒಂದು ರಿಟರ್ನ್ ಪೈಪಿಗೆ (ಇಂಜಿನ್ ಬಳಸದೆ ಉಳಿದ ಡೀಸೆಲ್ ವಾಪಸ್ ಬರುವ ಪೈಪ್), ಒಂದು ಗಾಳಿಗೆ. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನ ಬಳಿ ಬಿಚ್ಚಿ, ಬಾಯಿ ಮುಚ್ಚಿ, ಅದರ ಜಾಗಕ್ಕೆ ಡಬ್ಬದ ಪೈಪ್ ಕೊಡಿ. ರಿಟರ್ನ್ ಪೈಪನ್ನೂ ಡಬ್ಬಕ್ಕೇ ತಿರುಗಿಸಬೇಕು. ಇಲ್ಲದಿದ್ದರೆ ಡಬ್ಬದ ಡೀಸೆಲ್ಲೆಲ್ಲ ಟ್ಯಾಂಕಿಗೆ ಹೋಗಿ ಐದು ಲೀಟರ್ ಬೇಗ ಮುಗಿಯುತ್ತದೆ. ಪ್ರೈಮರ್ ಒತ್ತಿ ಏರ್ ತೆಗೆದು ಸ್ಟಾರ್ಟ್ ಮಾಡಿ. ಡಬ್ಬ ಅಲುಗಾಡದಂತೆ ಕಟ್ಟಿ. ಸೈಲೆನ್ಸರ್ ಪೈಪಿನಿಂದ, ಬಿಸಿ ಇಂಜಿನಿನಿಂದ ದೂರ ಇರಲಿ. ಅಡುಗೆ ಗ್ಯಾಸ್ ಸಿಲಿಂಡರ್ ಮನೆಯಲ್ಲೇ ಬಿಟ್ಟುಬನ್ನಿ. ಬೀಡಿ ಸಿಗರೇಟು ಬೇಡ. ಪಕ್ಕದಲ್ಲಿ ಒಬ್ಬರು ಕೂತು ಡಬ್ಬದ ಮೇಲೆ ಕಣ್ಣಿಟ್ಟಿರಲಿ.

ಇನ್ನು ಅದೇ ಏರಿಗೆ ಹೋಗಿ, ಅದೇ ಗೇರಿನಲ್ಲಿ ಹತ್ತಿಸಿ. ಗಾಡಿ ಹತ್ತಿತೇ? ಹಾಗಾದರೆ ಫೀಡ್ ಪಂಪ್, ಫಿಲ್ಟರ್, ಡೀಸೆಲ್ ಪಂಪ್, ನಾಝಲ್ ಎಲ್ಲವೂ ನಿರಪರಾಧಿಗಳು. ದೋಷ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯಲ್ಲಿದೆ. ಡಬ್ಬದಲ್ಲೂ ಸತ್ತರೆ ಮುಂದಿನ ಒಂದು ಭಾಗ ಬಿಟ್ಟು ಕೊನೆಯದಕ್ಕೆ ಹೋಗಿ.

ಟ್ಯಾಂಕಿನ ಕಡೆಯ ಹುಡುಕಾಟ

ಮೊದಲು ಮುಚ್ಚಳ. ಗಾಡಿ ಸತ್ತ ಕೂಡಲೇ ಇಳಿದು ಟ್ಯಾಂಕ್ ಮುಚ್ಚಳ ತೆಗೆಯಿರಿ. ‘ಸುಯ್’ ಎಂದು ಗಾಳಿ ಒಳಗೆ ಹೋದರೆ ಗಾಳಿಯ ತೂತು ಮುಚ್ಚಿದೆ. ಮಣ್ಣು ತುಂಬಿರಬಹುದು. ಇಡೀ ಗಾಡಿಗೆ ಬಣ್ಣ ಹೊಡೆಸುವಾಗ ತೂತಿಗೂ ಹೊಡೆದಿರಬಹುದು. ಬೀಗ ಇರುವ ಮುಚ್ಚಳ ಬೇಕೆಂದು ಬೇರೆ ಗಾಡಿಯದ್ದು ಹಾಕಿದ್ದರೆ ಅದಕ್ಕೆ ತೂತೇ ಇರಲಿಕ್ಕಿಲ್ಲ. ಇಷ್ಟು ಸುಲಭದಲ್ಲಿ ಮುಗಿದರೆ ನಿಮ್ಮ ಅದೃಷ್ಟ.

ಆಮೇಲೆ ಗಾಳಿ ಎಳೆಯುವ ಜಾಗ. ಇದು ಮೋಸದ ದೋಷ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕಮ್ಮಿ. ಹಾಗಾಗಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕೆಳಗೆ ಮಲಗಿ ನೋಡಿದರೆ ಎಲ್ಲ ಒಣಗಿರುತ್ತದೆ. ಫೀಡ್ ಪಂಪಿಗೆ ಹೋಗುವ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಪೈಪ್ ಕೂಡಿಸಿ ಇಂಜಿನ್ ಓಡಿಸಿ. ಶುರುವಿನಲ್ಲಿ ಒಂದೆರಡು ಗುಳ್ಳೆ ಬಂದು ನಿಂತರೆ ಪರವಾಗಿಲ್ಲ. ಬರುತ್ತಲೇ ಇದ್ದರೆ ಗಾಳಿ ಖಂಡಿತ. ಅಂಥ ಪೈಪ್ ಡೀಸೆಲ್ಲಿಗೆ ಬೇಗ ಸೆಡೆತು ಒಡೆಯುತ್ತದೆ, ಪರೀಕ್ಷೆ ಮುಗಿದ ಮೇಲೆ ತೆಗೆದುಬಿಡಿ.

ಗಾಳಿ ಎಳೆಯುವ ಜಾಗ ಹುಡುಕಲು ನಮ್ಮ ಕೊಡಗು ಜಿಲ್ಲೆಯ ಅಂಗಳಗಳೇ ಸಾಕು. ಇಲ್ಲಿ ಮಟ್ಟಸವಾದ ಅಂಗಳ ಎಲ್ಲಿದೆ ಹೇಳಿ? ಒಂದು ರಾತ್ರಿ ಮೂತಿ ಮೇಲಾಗಿ ನಿಲ್ಲಿಸಿ, ಮರುದಿನ ರಾತ್ರಿ ಮೂತಿ ಕೆಳಗಾಗಿ ನಿಲ್ಲಿಸಿ. ಮೂತಿ ಮೇಲಿದ್ದಾಗ ಬೆಳಗ್ಗೆ ಸ್ಟಾರ್ಟ್ ಕಷ್ಟ, ಕೆಳಗಿದ್ದಾಗ ಸಲೀಸು ಅಂದರೆ ಡೀಸೆಲ್ ಹಿಂದಕ್ಕೆ ಇಳಿದು ಗಾಳಿ ಸೇರುತ್ತಿದೆ. ಮೂತಿ ಕೆಳಗಿದ್ದಾಗ ಟ್ಯಾಂಕಿನ ಡೀಸೆಲ್ ತನ್ನ ಭಾರದಲ್ಲೇ ಮುಂದೆ ಬಂದು ಬಿರುಕಿನ ಜಾಗ ಒದ್ದೆ ಆಗಬಹುದು. ಟ್ಯಾಂಕ್ ತುಂಬಿದ್ದರೆ ಇನ್ನೂ ಸ್ಪಷ್ಟ. ಹಿಂದಿನ ದಿನವೇ ಪೈಪ್ ಒರೆಸಿ, ಕೆಳಗೆ ಪೇಪರ್ ಹಾಸಿಡಿ.

ನೋಡಬೇಕಾದ ಜಾಗಗಳಲ್ಲಿ ನನಗೆ ಮೊದಲ ಅನುಮಾನ ಮೋಟರ್‌ಹೋಮ್ ಮಾಡಿದವರು ಕೂಡಿಸಿದ ಜಾಯಿಂಟುಗಳ ಮೇಲೆ. ನೀರಿನ ಟ್ಯಾಂಕಿಗೆ ಜಾಗ ಬೇಕೆಂದು ಡೀಸೆಲ್ ಟ್ಯಾಂಕನ್ನು ಸರಿಸಿ ಪೈಪ್ ಉದ್ದ ಮಾಡಿರುತ್ತಾರೆ. ಜನರೇಟರಿಗೋ ಹೀಟರಿಗೋ ಟೀ ಜಾಯಿಂಟ್ ಹಾಕಿರುತ್ತಾರೆ. ಆಮೇಲೆ ಹೀಟರ್ ಕಿತ್ತು, ಟೀ ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿದಿರುತ್ತಾರೆ. ಗಾಳಿ ಬರುವುದು ಅಲ್ಲಿಂದಲೇ. ಬೇಡದ ಟೀ ಪೂರ್ತಿ ತೆಗೆದು ಒಂದೇ ಅಖಂಡ ಪೈಪ್ ಎಳೆಯಿರಿ.

ಎರಡನೇ ಅನುಮಾನ ರಬ್ಬರ್. ಹೊರಗಿನಿಂದ ಹೊಸದರಂತೆ ಕಾಣುವ ಪೈಪಿನ ಒಳಪದರ ಎದ್ದು, ಎಳೆದಾಗ ಬಾಗಿಲಿನಂತೆ ಮುಚ್ಚಿಕೊಳ್ಳಬಹುದು. ಹಳೇ ರಬ್ಬರ್ ಸೀಲುಗಳಿಗೆ ಇಂದಿನ ಡೀಸೆಲ್ ಕೂಡ ಸ್ವಲ್ಪ ಬೇರೆಯೇ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್ 6 ಇಂಧನ. ಅದರಲ್ಲಿ ಗಂಧಕ 10 ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು ಭಾಗ) ಮಾತ್ರ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಗುಣವೂ ಬದಲಾಗುತ್ತದೆ. ದಶಕಗಟ್ಟಲೆ ಹಳೇ ಡೀಸೆಲ್ಲಿನಲ್ಲಿ ಊದಿಕೊಂಡು ಕೂತಿದ್ದ ನೈಟ್ರೈಲ್ ರಬ್ಬರ್ ಸೀಲುಗಳು ಹೊಸದರಲ್ಲಿ ಕುಗ್ಗಬಹುದು. ಒಂದನ್ನು ಬದಲಿಸುವಾಗ ಎಲ್ಲವನ್ನೂ ಬದಲಿಸಿ. ಡೀಸೆಲ್ಲಿಗೇ ಮಾಡಿದ ಪೈಪ್ ಹಾಕಿ, ತೋಟಕ್ಕೆ ನೀರು ಬಿಡುವ ಪೈಪ್ ಬೇಡ. ಪೈಪ್ ಕೂಡಿಸುವ ತೂತಿನ ಬೋಲ್ಟಿನ (ಬ್ಯಾಂಜೊ ಬೋಲ್ಟ್) ತಾಮ್ರದ ವಾಷರ್ ಪ್ರತಿ ಸಲ ಹೊಸದೇ ಇರಲಿ. ದಾರಿಯಲ್ಲಿ ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಮತ್ತೊಂದು ಸಲ ಹಿಡಿಯುತ್ತದೆ.

ಟ್ಯಾಂಕ್ ತುಂಬಿದ್ದಾಗ ಗಾಡಿ ಸರಿ, ಅರ್ಧಕ್ಕಿಂತ ಕೆಳಗಿಳಿದಾಗ ಮಾತ್ರ ತೊಂದರೆ ಎಂದಾದರೆ ಹೊರಗಿನ ಪೈಪ್ ಬಿಟ್ಟು ಟ್ಯಾಂಕಿನೊಳಗಿನ ಕೊಳವೆ ತೆಗೆಸಿ. ಅದರ ನಡುವೆ ತುಕ್ಕು ತಿಂದು ತೂತಾಗಿರುತ್ತದೆ. ಡೀಸೆಲ್ ಆ ತೂತಿಗಿಂತ ಮೇಲಿರುವವರೆಗೆ ಗೊತ್ತಾಗುವುದಿಲ್ಲ. ಕೆಳಗಿಳಿದ ಕೂಡಲೇ ಗಾಳಿ. ಏರಿನಲ್ಲಿ ಡೀಸೆಲ್ ಹಿಂದಕ್ಕೆ ಸರಿಯುವುದರಿಂದ ಘಾಟಿಯಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ.

ಇನ್ನು ನಮ್ಮ ಮಳೆ. ಜೂನ್ ಬಂತೆಂದರೆ ಮೋಟರ್‌ಹೋಮ್ ಶೆಡ್ಡಿಗೆ. ಕಕ್ಕಡ (ನಮ್ಮ ಆಟಿ ತಿಂಗಳು) ಕಳೆದು ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಹೊರಗೆ. ಮೂರು ತಿಂಗಳು ಅರ್ಧ ಖಾಲಿ ಟ್ಯಾಂಕ್, ಹೊರಗೆ ಬಟ್ಟೆಯೂ ಒಣಗದ ಹವೆ. ಟ್ಯಾಂಕಿನ ಮೇಲ್ಭಾಗದಲ್ಲಿ ಹನಿ ಕಟ್ಟಿ ನೀರು ಕೆಳಗಿಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ಹಾಗಾಗಿ ತಳದಲ್ಲಿ ಕೂರುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿ ಬೆಳೆದು ಕಂದು ಕಪ್ಪು ಲೋಳೆ ಆಗುತ್ತದೆ. ಜಾಲರಿಗೆ ಅಂಟುವುದು ಇದೇ. ತಳದ ಬೋಲ್ಟ್ ಬಿಚ್ಚಿ ಒಂದು ಗಾಜಿನ ಬಾಟಲಿ ತುಂಬಾ ಹಿಡಿದು ರಾತ್ರಿಯಿಡೀ ಇಡಿ. ಬೆಳಗ್ಗೆ ತಳದಲ್ಲಿ ನೀರು, ನಡುವೆ ಲೋಳೆಯ ಪದರ ಕಂಡರೆ ಟ್ಯಾಂಕ್ ಇಳಿಸಿ ತೊಳೆಯಲೇಬೇಕು. ಸುಮ್ನೆ ಲೋಳೆ ಕೊಲ್ಲುವ ಔಷಧಿ ಸುರಿದರೆ ಸತ್ತ ಲೋಳೆ ಒಮ್ಮೆಲೇ ಕಳಚಿ ಫಿಲ್ಟರಿಗೆ ಬರುತ್ತದೆ. ಮುಂದಿನ ವರ್ಷ ಮೇ ತಿಂಗಳಲ್ಲೇ ಟ್ಯಾಂಕ್ ಪೂರ್ತಿ ತುಂಬಿಸಿ ನಿಲ್ಲಿಸಿ. ಗಾಳಿಗೆ ಜಾಗ ಇಲ್ಲದಿದ್ದರೆ ಹನಿ ಕಟ್ಟುವುದೂ ಕಮ್ಮಿ.

ಡಬ್ಬದಲ್ಲೂ ಸತ್ತರೆ

ಫಿಲ್ಟರ್ ಬದಲಿಸಿ. ಹಳೆಯದನ್ನು ಎಸೆಯಬೇಡಿ, ಕತ್ತರಿಸಿ ಒಳಗೆ ನೋಡಿ. ಹೊಸ ಫಿಲ್ಟರ್ ಬೇಗ ಕಟ್ಟಿದರೆ ಮತ್ತೆ ಟ್ಯಾಂಕಿನ ಕಡೆಗೇ ಹೋಗಬೇಕು.

ಅದರಲ್ಲೂ ಸರಿಹೋಗದಿದ್ದರೆ ಫೀಡ್ ಪಂಪ್. ಅದರ ಬಾಯಲ್ಲಿರುವ ಚಿಕ್ಕ ಜಾಲರಿ, ಒಳಗಿನ ಎರಡು ವಾಲ್ವ್, ಸ್ಪ್ರಿಂಗ್ ಇಷ್ಟೇ ಕೆಲಸ. ರಿಪೇರಿ ಕಿಟ್ ಸಿಗುತ್ತದೆ. ಡಿಪ್‌ಸ್ಟಿಕ್ ತೆಗೆದು ಆಯಿಲ್ ಮೂಸಿ ನೋಡಿ. ಆಯಿಲ್ ಮಟ್ಟ ತಾನೇ ಏರಿ ಡೀಸೆಲ್ ವಾಸನೆ ಬಂದರೆ ಫೀಡ್ ಪಂಪಿನ ಸೀಲ್ ಸವೆದು ಡೀಸೆಲ್ ಆಯಿಲ್‌ಗೆ ಸೇರುತ್ತಿರಬಹುದು. ಆಗ ಗಾಡಿ ಓಡಿಸುವುದೇ ಬೇಡ.

ಮೆಕ್ಯಾನಿಕ್‌ಗಳೂ ಮರೆಯುವ ಒಂದು ಜಾಗ: ಡೀಸೆಲ್ ಪಂಪಿನಿಂದ ರಿಟರ್ನ್ ಹೋಗುವ ಕಡೆ ಇರುವ ಓವರ್‌ಫ್ಲೋ ವಾಲ್ವ್. ನೋಡಲು ಮಾಮೂಲಿ ಬೋಲ್ಟಿನಂತೆಯೇ ಇದೆ, ಒಳಗೆ ಮಾತ್ರ ಸ್ಪ್ರಿಂಗ್ ಮತ್ತು ಗುಂಡು. ಪಂಪಿನೊಳಗೆ ಒತ್ತಡ ಉಳಿಸುವುದು ಇದೇ. ಸ್ಪ್ರಿಂಗ್ ಸೋತಿದ್ದರೆ, ಅಥವಾ ಯಾರೋ ಯಾವತ್ತೋ ಮಾಮೂಲಿ ತೂತಿನ ಬೋಲ್ಟ್ ಹಾಕಿದ್ದರೆ, ಡೀಸೆಲ್ಲೆಲ್ಲ ರಿಟರ್ನ್‌ನಲ್ಲಿ ಹರಿದು ಹೋಗುತ್ತದೆ. ಐಡಲ್‌ನಲ್ಲಿ ಗೊತ್ತೇ ಆಗುವುದಿಲ್ಲ, ಏರಿನಲ್ಲಿ ದಮ್ಮಿಲ್ಲ.

ಕೆಲವು ಹಳೇ ವ್ಯಾನುಗಳಲ್ಲಿ ಸಾಲು ಪಂಪಿನ (ಪ್ರತಿ ಸಿಲಿಂಡರಿಗೂ ಒಂದೊಂದು ಪ್ಲಂಜರ್ ಸಾಲಾಗಿ ಇರುವ ಡೀಸೆಲ್ ಪಂಪ್) ಬದಲು ರೋಟರಿ ಪಂಪ್ ಇರುತ್ತದೆ. ಅದು ಸವೆದರೆ ಲಕ್ಷಣ ಬೇರೆ: ಬಿಸಿಯಲ್ಲಿ ನಿಲ್ಲಿಸಿದ ಗಾಡಿ ಸ್ಟಾರ್ಟ್ ಆಗುವುದೇ ಇಲ್ಲ, ತಣ್ಣಗಾದ ಮೇಲೆ ಆಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತಿಗೆ ಸ್ಟಾರ್ಟ್ ಆದರೆ ಪಂಪ್ ಸವೆದಿದೆ. ಕೊಡಗಟ್ಟಲೆ ನೀರು ಸುರಿಯಬೇಡಿ, ಬಿಸಿ ಪಂಪ್ ಹಿಡಿದುಕೊಳ್ಳಬಹುದು.

ಪಂಪ್ ಇಳಿಸುವುದು ಅನಿವಾರ್ಯ ಆದರೆ ಟೆಸ್ಟ್ ಬೆಂಚ್ (ಪಂಪ್ ಓಡಿಸಿ ಅಳೆಯುವ ಯಂತ್ರ) ಇರುವ ಕಡೆಗೇ ಒಯ್ಯಿರಿ. ಬಿಚ್ಚುವ ಮುಂಚಿನ ರೀಡಿಂಗ್, ಜೋಡಿಸಿದ ಮೇಲಿನ ರೀಡಿಂಗ್ ಎರಡನ್ನೂ ಕಾಗದದಲ್ಲಿ ಕೇಳಿ ಪಡೆಯಿರಿ. ‘ಸ್ವಲ್ಪ ಡೀಸೆಲ್ ಜಾಸ್ತಿ ಬಿಡ್ತೇನೆ, ಘಾಟಿ ಹತ್ತುತ್ತೆ’ ಎಂದರೆ ಬೇಡ ಎನ್ನಿ. ಮಡಿಕೇರಿಯ ತೆಳು ಗಾಳಿಯಲ್ಲಿ ಆ ಡೀಸೆಲ್ ಉರಿಯದೆ ಕಪ್ಪು ಹೊಗೆ ಆಗುತ್ತದೆ, ಇಂಜಿನ್ ಬಿಸಿ ಏರುತ್ತದೆ. 15 ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಇದೆ, ಅದಕ್ಕೆ ಫಿಟ್‌ನೆಸ್ ಬೇಕು. ಅಲ್ಲಿ ಈ ಹೊಗೆಯೇ ನಿಮಗೆ ಮುಳುವಾಗುತ್ತದೆ.

ಸರಿಮಾಡಿದ ಮೇಲೆ ಕಾಲು ಟ್ಯಾಂಕ್ ಡೀಸೆಲ್ಲಿನಲ್ಲೇ ಪರೀಕ್ಷೆ ಮಾಡಿ. ತುಂಬಿದ ಟ್ಯಾಂಕ್ ಅರ್ಧ ದೋಷ ಮುಚ್ಚಿಹಾಕುತ್ತದೆ. ಮೊದಲು ಕುಶಾಲನಗರದ ಕಡೆಯಿಂದ, ಅಲ್ಲಿ ಸಹಾಯ ಹತ್ತಿರ. ಆಮೇಲೆ ಸಂಪಾಜೆ, ಮಳೆಗಾಲ ಬಿಟ್ಟು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಈ ರಸ್ತೆಯೇ ಮುಚ್ಚಿತ್ತು. ಅಂಥ ಜಾಗದಲ್ಲಿ ಮಳೆಯಲ್ಲಿ ಕೆಟ್ಟು ನಿಲ್ಲುವುದು ಬೇಡ. ಹೊಸ ಪೈಪಿನ ಮೇಲೆ ಬಿಳಿ ಪೇಂಟಿನಲ್ಲಿ ತಿಂಗಳು, ವರ್ಷ ಬರೆದಿಡಿ. ಐದು ವರ್ಷ ಆದಾಗ ಚೆನ್ನಾಗಿ ಕಂಡರೂ ಬದಲಿಸಿ. ಮೊದಲ ಐನೂರು ಕಿ.ಮೀ. ಆದ ಮೇಲೆ ಫಿಲ್ಟರ್ ಬೌಲ್ ಮತ್ತೊಮ್ಮೆ ಬಿಚ್ಚಿ. ತಳದಲ್ಲಿ ಕಂದು ಪುಡಿ ಇದ್ದರೆ ಟ್ಯಾಂಕಿನ ತುಕ್ಕು ಇನ್ನೂ ಬರುತ್ತಿದೆ. ಕಪ್ಪು ರಬ್ಬರ್ ಚೂರು ಇದ್ದರೆ ಬದಲಿಸದೆ ಬಿಟ್ಟ ಪೈಪ್ ಇನ್ನೊಂದು ಇದೆ. ಲೋಳೆ ಇದ್ದರೆ ಟ್ಯಾಂಕ್ ಸರಿಯಾಗಿ ತೊಳೆದಿಲ್ಲ, ಮತ್ತೆ ಇಳಿಸಿ.